ಆರು ಪಾಯಿಂಟು

ಮಂಡ್ಯದ ಪೇಟೆ ಬೀದಿಯಲ್ಲಿ, ಬಳೆ ಅಂಗಡಿಯ ಮೇಲೆ,
ಹತ್ತಡಿ ಕೋಣೆಯಲ್ಲಿ ನಾನು ಅಕ್ಷರ ಕೂರಿಸುವವನು.
ಮದುವೆ, ತಿಥಿ, ನಾಮಕರಣ, ಕಬಡ್ಡಿ ಪಂದ್ಯದ ಬ್ಯಾನರು,
ಎಲ್ಲಕ್ಕೂ ಅಕ್ಷರ ಬೇಕು, ಅಕ್ಷರಕ್ಕೆ ನಾನು ಬೇಕು.

ಹೂಬತ್ತಿ ಯಂತ್ರದ ಕರಪತ್ರ ಮಾಡಿದ್ದೂ ನಾನೇ.
"ಮನೆಯಲ್ಲೇ ಕೂತು ತಿಂಗಳಿಗೆ ನಲವತ್ತೈದು ಸಾವಿರ":
ಆ ಸಾಲು ಎಪ್ಪತ್ತೆರಡು ಪಾಯಿಂಟು, ಕೆಂಪು, ಹಳದಿ ಅಂಚು.
ಸಾಲಿನ ಹೆಗಲ ಮೇಲೆ ಒಂದು ಪುಟ್ಟ ನಕ್ಷತ್ರ.
ನಕ್ಷತ್ರ ಕೆಳಗಿಳಿದು, ಕಾಗದದ ಅಂಚಿನಲ್ಲಿ,
ಆರು ಪಾಯಿಂಟಿನಲ್ಲಿ ಪಿಸುಗುಟ್ಟುತ್ತಿತ್ತು:
ಆದಾಯ ಅವರವರ ಶ್ರಮಕ್ಕೆ ತಕ್ಕಂತೆ,
ಸರಕು ವಾಪಸು ಕೊಳ್ಳುವುದು ಕಂಪನಿಯ ಇಚ್ಛೆ.
"ಇನ್ನೂ ಸಣ್ಣದಾಗುತ್ತಾ?" ಅಂದಿದ್ದ ರಘುಚಂದ್ರ.
"ಇದಕ್ಕಿಂತ ಸಣ್ಣದಾದರೆ ಇರುವೆ ಅನ್ಕೊಂಡು ಒರೆಸ್ತಾರೆ" ಅಂದಿದ್ದೆ.
ಇಬ್ಬರೂ ನಕ್ಕಿದ್ದೆವು. ಟೀ ಅವನೇ ಕೊಡಿಸಿದ.

ನಗುವ ಹೆಂಗಸಿನ ಫೋಟೋ ಬೇಕಿತ್ತು, ನಾದಿನಿಯದು ಹಾಕಿದೆ.
ಕೆಳಗೆ "ಶ್ರೀಮತಿ ಕುಸುಮಾ, ಕೆ.ಆರ್. ಪೇಟೆ: ನಾನೀಗ ಸ್ವಾವಲಂಬಿ".
ನಾದಿನಿ ನೋಡಿ ನಗುತ್ತಾ ಕೇಳಿದ್ದು ಒಂದೇ:
"ಭಾವ, ನನ್ನ ನಲವತ್ತೈದು ಸಾವಿರ ಎಲ್ಲಿ?"

ಹೊಳಲಿನ ಚಿಕ್ಕತಾಯಮ್ಮ ಕೇಳಿದ್ದೂ ಅದನ್ನೇ,
ಆದರೆ ಆಕೆ ನಗುತ್ತಿರಲಿಲ್ಲ.
ಶಾಲೆಯ ಬಿಸಿಯೂಟಕ್ಕೆ ಸೌಟು ತಿರುಗಿಸುವ ಕೈ,
ಸಂಘದಲ್ಲಿ ಸಾಲ ಎತ್ತಿ, ಲಕ್ಷದ ಎಂಬತ್ತು ಸಾವಿರ ಕಟ್ಟಿ,
ಮಂಚ ಹೊರಗೆ ಹಾಕಿ, ಯಂತ್ರ ಒಳಗಿಟ್ಟು,
ರಾತ್ರಿಯಿಡೀ ಟಕಟಕ ಟಕಟಕ.
ಮೊದಲ ಮೂಟೆ ಕೊಂಡರು. ಎರಡನೆಯದಕ್ಕೆ "ತೇವ ಇದೆ" ಅಂದರು.
ಮೂರನೆಯದಕ್ಕೆ ಫೋನು ಸ್ವಿಚ್ಚಾಫ್.
ಹನ್ನೊಂದು ಮೂಟೆ ಬತ್ತಿ ನಡುಮನೆಯಲ್ಲಿ, ಇಳಿದು ಕೂತ ಮೋಡ.
"ಎಣ್ಣೆ ಇಲ್ದೆ, ದೀಪ ಇಲ್ದೆ, ನಂಗೇ ಬತ್ತಿ ಇಟ್ಬುಟ್ರು ಕನಪ್ಪ.
ಓದ್ಲಿಲ್ವ ಅಂತಾರೆ ಎಲ್ರೂವೆ. ಎಲ್ಲಿತ್ತು ಓದಕ್ಕೆ?
ಬರ್ದೋನ್ಗೆ ಕಾಣ್ತಿತ್ತ?"

ಕಾಣುತ್ತಿತ್ತು. ತೆರೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿಕೊಂಡೇ ಬರೆದಿದ್ದೆ.

ಆಮೇಲೆ ಬಂದದ್ದು ಸರ್ಕಾರ.
ಸರ್ಕಾರ ಅಂದರೆ ವಿಶಾಲಾಕ್ಷಿ ಮೇಡಂ, ಕೊಡೆ, ಊಟದ ಡಬ್ಬಿ,
ಮತ್ತೊಂದು ಸ್ಟೀಲಿನ ಸ್ಕೇಲು.
ಕನ್ನಡಕ ಹಣೆಗೇರಿಸಿ, ಕರಪತ್ರ ಮೂಗಿನ ಹತ್ತಿರ ತಂದು,
ನಕ್ಷತ್ರ ಅಳೆದರು. ಎರಡು ಮಿಲಿಮೀಟರು ಅಂತ ಬರೆದುಕೊಂಡರು.
ಹಾಡುಹಗಲೇ ನಕ್ಷತ್ರ ಅಳೆಯುವವರನ್ನು ನಾನು ನೋಡಿದ್ದು ಅವತ್ತೇ.
ಹೊಸ ಆದೇಶ ಓದಿದರು, ಕಚೇರಿಯ ದನಿಯಲ್ಲಿ:
ಗಳಿಕೆ ಇಷ್ಟು ಎಂದು ಸಾರುವವರು
ನೂರು ಮಂದಿಯಲ್ಲಿ ಎಷ್ಟು ಮಂದಿ ಅಷ್ಟು ಗಳಿಸಿದರೆಂದು
ಅದೇ ಗಾತ್ರದ ಅಕ್ಷರದಲ್ಲಿ, ಪಕ್ಕದಲ್ಲೇ, ನಮೂದಿಸತಕ್ಕದ್ದು.
"ತಕ್ಕದ್ದು" ಎಂಬುದು ಇಷ್ಟು ಚಂದದ ಮಾತು ಅಂತ
ಇಪ್ಪತ್ತು ವರ್ಷ ಅದನ್ನು ಟೈಪು ಮಾಡಿದ ನನಗೆ ಗೊತ್ತಿರಲಿಲ್ಲ.

ಶ್ರಾವಣಕ್ಕೆ ರಘುಚಂದ್ರ ಮತ್ತೆ ಬಂದ. ಕಂಪನಿಗೆ ಬೇರೆ ಹೆಸರು,
ಬತ್ತಿಯ ಜಾಗದಲ್ಲಿ ಅಣಬೆ.
"ನೂರಕ್ಕೆ ಮೂವರು ಅಂತಲೇ ಹಾಕು. ಅಷ್ಟೇ ದಪ್ಪ, ಅಷ್ಟೇ ಎತ್ತರ.
ಕಾನೂನು ಮೀರೋನಲ್ಲ ನಾನು.
ಬಿಳಿ ಹಾಳೆ ಮೇಲೆ ತೆಳು ಹಳದೀಲಿ ಹಾಕು, ಅಷ್ಟೆ.
ಗಾತ್ರ ಅಂದವ್ರೆ. ಬಣ್ಣ ಅಂದವ್ರಾ?"

ಮೌಸಿನ ಮೇಲೆ ಕೈ. ಕೆಳಗೆ ಬಳೆ ಅಂಗಡಿಯಲ್ಲಿ ಚೌಕಾಸಿ.
ಟೀ ಬಂತು. ಕುಡಿಯಲಿಲ್ಲ ಎಂದರೆ ಸುಳ್ಳು, ಕುಡಿದೆ.
ನಾಳೆ ಬಾ ಅಂದೆ.
ಅವನು ಮೆಟ್ಟಿಲಿಳಿದ ಮೇಲೆ ಮೇಡಂಗೆ ಫೋನು ಮಾಡಿದೆ:
"ಬಣ್ಣದ ಬಗ್ಗೆ ಏನಾದರೂ ಇದೆಯಾ, ಮೇಡಂ?"
ಆ ಕಡೆ ಹಾಳೆ ಮಗುಚುವ ಸದ್ದು. ತುಂಬ ಹೊತ್ತು.
"ಇಲ್ಲ" ಅಂದರು. ಆಮೇಲೆ, "ಬರೆದು ಕೊಡಿ. ಮೇಲಕ್ಕೆ ಕಳಿಸ್ತೀನಿ."

ಬರೆಯುತ್ತಿದ್ದೇನೆ. ಹದಿನಾರು ಪಾಯಿಂಟು, ಅಚ್ಚ ಕಪ್ಪು.
ದೇವರ ಪಟದ ಮುಂದೆ ಚಿಕ್ಕತಾಯಮ್ಮನ ಬತ್ತಿ;
ಹಿಡಿ ತುಂಬ ಕೊಟ್ಟಿದ್ದಳು, ದುಡ್ಡು ಬೇಡ ಅಂದಿದ್ದಳು.
ಬತ್ತಿಯದೇನೂ ತಪ್ಪಿಲ್ಲ. ಚೆನ್ನಾಗೇ ಉರಿಯುತ್ತದೆ.